ಸ್ತನದ ಅಪರೂಪದ ಉರಿಯೂತ: ಯಾವ ಚಿಕಿತ್ಸೆಗೆ ಎಷ್ಟು ಆಧಾರ?

ಎದೆಯ ಗಂಟುಗಳ ಕುರಿತು ಈ ಅಂಕಣದಲ್ಲಿ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕ್ಯಾನ್ಸರಿನ ಬಗ್ಗೆ ಇದ್ದವು. ಆದರೆ ಕೆಲವರು ಗ್ರ್ಯಾನ್ಯುಲೋಮಟಸ್ ಮ್ಯಾಸ್ಟೈಟಿಸ್ ಎಂಬ ಕಾಯಿಲೆಯ ಕುರಿತು ಕೇಳಿದ್ದಾರೆ. ಅದು ಬಹಳ ಮಂದಿ ಹೆಸರನ್ನೇ ಕೇಳಿರದ, ವೈದ್ಯರಲ್ಲಿಯೂ ಹಲವರು ಒಮ್ಮೆಯೋ ಎರಡು ಬಾರಿಯೋ ಮಾತ್ರ ಕಂಡಿರುವ ಕಾಯಿಲೆ. ಅಂಥವರ ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಬರೆದವರ ಹೆಸರುಗಳನ್ನು ಬಿಟ್ಟು, ಪತ್ರಗಳನ್ನು ತುಸು ಮೊಟಕುಗೊಳಿಸಲಾಗಿದೆ.

ಪ್ರಶ್ನೆ: ಡಾಕ್ಟರೇ, ನನಗೆ 34 ವರ್ಷ. ಎರಡನೆಯ ಮಗುವಿಗೆ ಹಾಲು ಬಿಡಿಸಿ ಎರಡು ವರ್ಷವಾಗಿದೆ. ಕೆಲವು ತಿಂಗಳ ಹಿಂದೆ ಎಡ ಸ್ತನದಲ್ಲಿ ಗಟ್ಟಿಯಾದ, ನೋಯುವ ಗಂಟು ಕಾಣಿಸಿತು. ಮೇಲಿನ ಚರ್ಮ ಕೆಂಪಾಗಿ ಕೀವು ತುಂಬಿತು. ಎರಡು ಸಲ ಕೊಯ್ದು ಕೀವು ತೆಗೆದರು, ಬಗೆಬಗೆಯ ಆಂಟಿಬಯಾಟಿಕ್ ಕೊಟ್ಟರು. ಒಂದು ಕಡೆ ಗಾಯ ಮಾಯುತ್ತದೆ, ಪಕ್ಕದಲ್ಲಿ ಇನ್ನೊಂದು ಬಾಯಿ ಬಿಡುತ್ತದೆ. ಬಯಾಪ್ಸಿ ಮಾಡಿದಾಗ ಗ್ರ್ಯಾನ್ಯುಲೋಮಟಸ್ ಮ್ಯಾಸ್ಟೈಟಿಸ್ ಎಂದು ಬಂತು. ಒಬ್ಬ ಸರ್ಜನ್ ಆ ಭಾಗವನ್ನೆಲ್ಲ ತೆಗೆದುಹಾಕಬೇಕು ಎನ್ನುತ್ತಾರೆ, ಇನ್ನೊಬ್ಬರು ಸ್ಟೀರಾಯ್ಡ್ ಮಾತ್ರೆ ಎನ್ನುತ್ತಾರೆ, ಮೂರನೆಯವರು ಏನೂ ಮಾಡಬೇಡಿ, ಕಾಯಿರಿ ಎನ್ನುತ್ತಾರೆ. ಒಂದೇ ಕಾಯಿಲೆಗೆ ಮೂವರು ಮೂರು ದಾರಿ ತೋರಿಸಿದರೆ ನಾನು ಯಾರನ್ನು ನಂಬಬೇಕು?

ಉತ್ತರ: ಮೂವರಲ್ಲಿ ಯಾರೂ ನಿಮಗೆ ಸುಳ್ಳು ಹೇಳುತ್ತಿಲ್ಲ, ತೊಡಕು ಇರುವುದೇ ಅಲ್ಲಿ. ಪ್ರತಿಯೊಬ್ಬರ ಬಳಿಯೂ ತಮ್ಮ ಮಾತಿಗೆ ಬೆಂಬಲವಾಗಿ ಪ್ರಕಟಿತ ಅಧ್ಯಯನಗಳಿವೆ. ಆ ಅಧ್ಯಯನಗಳು ಎಂಥವು ಎಂಬುದನ್ನು ನೋಡಿದರೆ ಗೊಂದಲ ಎಲ್ಲಿಂದ ಬಂತು ಎಂಬುದು ತಿಳಿಯುತ್ತದೆ.

ಮೊದಲು ಕಾಯಿಲೆಯ ಬಗ್ಗೆ ನಾಲ್ಕು ಮಾತು. ಹಾಲು ಉತ್ಪಾದಿಸುವ ಪುಟ್ಟ ಗ್ರಂಥಿಗೊಂಚಲುಗಳ ಸುತ್ತ ದೇಹದ ರಕ್ಷಣಾ ಕೋಶಗಳು ಗುಂಪುಗಟ್ಟಿ ಗ್ರ್ಯಾನ್ಯುಲೋಮ ಎಂಬ ಸೂಕ್ಷ್ಮ ಗಂಟುಗಳಾಗುತ್ತವೆ. ಅವು ಒಂದರೊಡನೊಂದು ಬೆರೆತು ಕೈಗೆ ಸಿಗುವ ಗಡ್ಡೆಯಾಗುತ್ತವೆ, ಕೆಲವೊಮ್ಮೆ ಕೀವುಗಟ್ಟಿ ಚರ್ಮವನ್ನು ಸೀಳಿಕೊಂಡು ಹೊರಗೆ ಬರುತ್ತವೆ. ಹೆಚ್ಚಾಗಿ ಕಾಣಿಸಿಕೊಳ್ಳುವುದು ಮೂವತ್ತರ ಆಸುಪಾಸಿನ, ಹೆರಿಗೆಯಾಗಿ ಕೆಲವು ವರ್ಷಗಳೊಳಗಿರುವ ಮಹಿಳೆಯರಲ್ಲಿ. ನಾಳಗಳಿಂದ ಸೋರಿದ ಹಾಲಿನಂಶವೋ ಸ್ರಾವವೋ ಸುತ್ತಲ ಅಂಗಾಂಶಕ್ಕೆ ಸೇರಿದಾಗ ರಕ್ಷಣಾ ವ್ಯವಸ್ಥೆ ಅದರ ಮೇಲೆ ತಿರುಗಿಬೀಳುತ್ತದೆ ಎಂಬುದು ಹೆಚ್ಚು ಮಂದಿ ಒಪ್ಪುವ ವಿವರಣೆ. ರಕ್ತದಲ್ಲಿ ಪ್ರೊಲ್ಯಾಕ್ಟಿನ್ ಹಾರ್ಮೋನು ಹೆಚ್ಚಾಗಿರುವವರಲ್ಲಿ, ಅದನ್ನು ಹೆಚ್ಚಿಸುವ ಕೆಲವು ಮಾನಸಿಕ ಚಿಕಿತ್ಸೆಯ ಔಷಧಿಗಳನ್ನು ತೆಗೆದುಕೊಳ್ಳುವವರಲ್ಲಿಯೂ ಇದು ಕಂಡುಬಂದಿದೆ. ನಿಮ್ಮ ರಕ್ತಪರೀಕ್ಷೆಗಳಲ್ಲಿ ಪ್ರೊಲ್ಯಾಕ್ಟಿನ್ ಇರದಿದ್ದರೆ ಅದನ್ನು ಒಮ್ಮೆ ಮಾಡಿಸಿಕೊಳ್ಳಿ.

ಕೆಸ್ಲರ್ ಮತ್ತು ವೋಲಾಕ್ ಎಂಬ ವೈದ್ಯರು ಇದನ್ನು ಪ್ರತ್ಯೇಕ ಕಾಯಿಲೆಯೆಂದು ಮೊದಲ ಬಾರಿಗೆ ವರ್ಣಿಸಿದ್ದು 1972ರಲ್ಲಿ, ಐವರು ಮಹಿಳೆಯರನ್ನು ಆಧರಿಸಿ. ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ 2006ರಿಂದ 2008ರವರೆಗೆ ಕಂಡ ಪ್ರಕರಣಗಳನ್ನು ಪರಿಶೀಲಿಸಿದಾಗ, 20ರಿಂದ 40 ವರ್ಷದ ಒಂದು ಲಕ್ಷ ಮಹಿಳೆಯರಲ್ಲಿ ಸುಮಾರು 2.4 ಮಂದಿಗೆ ಇದು ಬರಬಹುದೆಂಬ ಅಂದಾಜು ಸಿಕ್ಕಿತು. ಎಲ್ಲ ಕಡೆಯೂ ಇದೇ ಪ್ರಮಾಣವಿರಬೇಕೆಂದಿಲ್ಲ. ಆದರೆ ಒಂದು ಆಸ್ಪತ್ರೆಯಲ್ಲಿ ನೂರಾರು ರೋಗಿಗಳನ್ನು ಕಲೆಹಾಕುವುದು ಎಷ್ಟು ಕಷ್ಟ ಎಂಬುದಕ್ಕೆ ಇಷ್ಟು ಸಾಕು.

ಹಾಗಾಗಿ ಈ ಕಾಯಿಲೆಯ ಸಾಹಿತ್ಯದಲ್ಲಿ ಹೆಚ್ಚಿನ ಪಾಲು ಒಂದೇ ಬಗೆಯದು: ಒಂದು ಆಸ್ಪತ್ರೆಯವರು ಹಲವು ವರ್ಷಗಳಲ್ಲಿ ತಮ್ಮಲ್ಲಿಗೆ ಬಂದ ಇಪ್ಪತ್ತೋ ನಲವತ್ತೋ ಮಂದಿಯ ಕಡತಗಳನ್ನು ಹಿಂದಿರುಗಿ ನೋಡಿ, ನಾವು ಇಂಥ ಚಿಕಿತ್ಸೆ ಕೊಟ್ಟೆವು, ಇಷ್ಟು ಮಂದಿ ಗುಣವಾದರು ಎಂದು ಬರೆದಿರುತ್ತಾರೆ. ಓದುವವರಿಗೆ ಚಿಕಿತ್ಸೆಯಿಂದಲೇ ಗುಣವಾಯಿತು ಎನಿಸುತ್ತದೆ. ಆದರೆ ಈ ಕಾಯಿಲೆಗೆ ಒಂದು ವಿಶೇಷ ಗುಣವಿದೆ: ಅದು ಎಷ್ಟೋ ಮಂದಿಯಲ್ಲಿ ತಾನಾಗಿಯೇ ಆರಿಹೋಗುತ್ತದೆ. ಹಾಂಗ್ ಕಾಂಗಿನ ವೈದ್ಯರು 2005ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಔಷಧಿಯಿಲ್ಲದೆ ನಿಗಾದಲ್ಲಿಟ್ಟ ಎಂಟು ಮಂದಿಯ ಪೈಕಿ ಅರ್ಧದಷ್ಟು ಜನರಲ್ಲಿ ಕಾಯಿಲೆ ಸರಾಸರಿ 14.5 ತಿಂಗಳಲ್ಲಿ ಪೂರ್ತಿ ಮಾಯವಾಗಿತ್ತು. ಆ ಮೇಲೆ ಬಂದ, ಇನ್ನಷ್ಟು ಜನರನ್ನು ಒಳಗೊಂಡ ವರದಿಗಳೂ ಕಾಯುವುದು ಒಂದು ಗಂಭೀರ ಆಯ್ಕೆಯೇ ಎಂದು ತೋರಿಸಿವೆ. ತಾನಾಗಿ ಗುಣವಾಗುವ ಕಾಯಿಲೆಗೆ ಏನು ಕೊಟ್ಟರೂ ಸ್ವಲ್ಪ ಕಾಲದ ನಂತರ ಫಲ ಕೊಟ್ಟಂತೆಯೇ ಕಾಣುತ್ತದೆ. ಆದ್ದರಿಂದ ಯಾರಾದರೂ ಒಂದು ಚಿಕಿತ್ಸೆಯಲ್ಲಿ ನೂರಕ್ಕೆ ಎಂಬತ್ತು ಮಂದಿಗೆ ವಾಸಿಯಾಯಿತು ಎಂದರೆ ನಾನು ಕೇಳುವ ಮೊದಲ ಪ್ರಶ್ನೆ, ಯಾವುದಕ್ಕೆ ಹೋಲಿಸಿದರೆ ಎಂಬುದು. ಆ ಪ್ರಶ್ನೆಗೆ ಉತ್ತರವಿರುವ ಅಧ್ಯಯನಗಳು ಕೆಲವೇ.

ಇನ್ನೂ ಒಂದು ಮೋಸವಿದೆ. ಗಂಟು ಚಿಕ್ಕದಾಗಿ, ಒಂದೇ ಕಡೆ ಇದ್ದಾಗ ಸರ್ಜನ್ ಕತ್ತರಿಸಲು ಒಪ್ಪುತ್ತಾರೆ. ಸ್ತನದ ತುಂಬ ಹರಡಿ, ಕೀವು ಸೋರುತ್ತಿದ್ದರೆ ಸ್ಟೀರಾಯ್ಡಿಗೆ ಕಳುಹಿಸುತ್ತಾರೆ. ಕೊನೆಗೆ ಎರಡು ಗುಂಪುಗಳ ಫಲಿತಾಂಶವನ್ನು ಅಕ್ಕಪಕ್ಕ ಇಟ್ಟಾಗ ಶಸ್ತ್ರಚಿಕಿತ್ಸೆಯೇ ಗೆದ್ದಂತೆ ಕಾಣುತ್ತದೆ. ಅಲ್ಲಿ ಗೆದ್ದಿರುವುದು ಕತ್ತಿಯೋ ಸೌಮ್ಯವಾದ ಕಾಯಿಲೆಯೋ ಎಂದು ಬೇರ್ಪಡಿಸಿ ಹೇಳಲು ಆಗುವುದಿಲ್ಲ. ಮರುಕಳಿಸುವ ಪ್ರಮಾಣದ ಕಥೆಯೂ ಇದೇ. ಆರು ತಿಂಗಳು ಮಾತ್ರ ಗಮನಿಸಿದವರಿಗೆ ಮರುಕಳಿಕೆ ಕಡಿಮೆ ಕಾಣುತ್ತದೆ, ಮೂರು ವರ್ಷ ಬೆನ್ನುಹತ್ತಿದವರಿಗೆ ಹೆಚ್ಚು ಕಾಣುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ನಿಮಗೆ ದಾರಿ ತೋರಿಸದೆ ಬಿಟ್ಟರೆ ಅನ್ಯಾಯವಾದೀತು. ಉರಿಯೂತ ಕೆರಳಿರುವ ಹೊತ್ತಿನಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಗೆ ಅವಸರಪಡುವುದು ನನಗೆ ಸರಿಕಾಣುವುದಿಲ್ಲ. ಗಾಯ ಬೇಗ ಮಾಯುವುದಿಲ್ಲ, ಸ್ತನದ ಆಕಾರ ಕೆಡುತ್ತದೆ, ಕೆಟ್ಟ ಆಕಾರವನ್ನು ಮತ್ತೆ ಸರಿಪಡಿಸುವುದು ಕಷ್ಟ. ಕೀವು ತುಂಬಿದರೆ ಕೊಯ್ಯುವುದಕ್ಕಿಂತ, ಸಾಧ್ಯವಾದಷ್ಟು ಮಟ್ಟಿಗೆ, ಸ್ಕ್ಯಾನ್ ನೋಡಿಕೊಂಡು ಸೂಜಿಯಿಂದ ಎಳೆಯುವುದು ಮೇಲು. ನೋವು ಸಹಿಸುವಂತಿದ್ದು ಗಡ್ಡೆ ಬೆಳೆಯದೆ ನಿಂತಿದ್ದರೆ ನೋವಿನ ಮಾತ್ರೆ, ಡ್ರೆಸಿಂಗ್ ಮತ್ತು ನಿಯಮಿತ ತಪಾಸಣೆಯೊಡನೆ ಕಾಯಬಹುದು. ಗಡ್ಡೆ ಹರಡುತ್ತಿದ್ದರೆ, ನಿದ್ದೆಗೆಡಿಸುವ ನೋವಿದ್ದರೆ, ಮೊಣಕಾಲ ಕೆಳಗೆ ಕೆಂಪು ಗಂಟುಗಳು ಎದ್ದು ಕೀಲುಗಳು ನೋಯುತ್ತಿದ್ದರೆ ಸ್ಟೀರಾಯ್ಡಿಗೆ ಬಲವಾದ ಕಾರಣವಿದೆ. ಈ ಕೊನೆಯ ಲಕ್ಷಣವನ್ನು ರೋಗಿಗಳು ಬೇರೆ ಕಾಯಿಲೆಯೆಂದುಕೊಂಡು ಹೇಳುವುದೇ ಇಲ್ಲ, ವೈದ್ಯರು ಕೇಳುವುದೂ ಇಲ್ಲ. ನಿಮ್ಮ ವಿಷಯದಲ್ಲಿ ಹೊಸ ಬಾಯಿಗಳು ತೆರೆಯುತ್ತಲೇ ಇವೆ ಎಂದಿದ್ದೀರಿ. ಅದನ್ನು ನೋಡಿದರೆ ಎರಡನೆಯ ವೈದ್ಯರ ಮಾತಿನತ್ತ ನನ್ನ ಒಲವು. ಆದರೆ ಮುಂದೆ ಹೇಳಲಿರುವ ಕ್ಷಯದ ಪರೀಕ್ಷೆಗಳು ಮುಗಿಯದೆ ಸ್ಟೀರಾಯ್ಡ್ ಮುಟ್ಟಬೇಡಿ.

ಪ್ರಶ್ನೆ: ಈ ಕಾಯಿಲೆ ಮುಂದೆ ಕ್ಯಾನ್ಸರಿಗೆ ತಿರುಗುತ್ತದೆಯೇ?

ಉತ್ತರ: ತಿರುಗುತ್ತದೆ ಎನ್ನಲು ಆಧಾರವಿಲ್ಲ. ಚಿಂತಿಸಬೇಕಾದದ್ದು ಇದರ ತಿರುವುಮುರುವಾದ ಸಂಗತಿಯನ್ನು. ಉರಿಯೂತದ ರೂಪದಲ್ಲೇ ಬರುವ ಸ್ತನ ಕ್ಯಾನ್ಸರ್ ಒಂದಿದೆ. ಅದರಲ್ಲಿಯೂ ಸ್ತನ ಕೆಂಪಾಗಿ ಊದಿಕೊಂಡು, ಚರ್ಮ ಕಿತ್ತಳೆಸಿಪ್ಪೆಯಂತೆ ಗುಳಿಗುಳಿಯಾಗುತ್ತದೆ. ಅದನ್ನು ಬಾವು ಎಂದುಕೊಂಡು ತಿಂಗಳುಗಟ್ಟಲೆ ಆಂಟಿಬಯಾಟಿಕ್ ಕೊಡುವುದು ಈಗಲೂ ನಡೆಯುತ್ತದೆ. ಸ್ಕ್ಯಾನ್ ಮತ್ತು ಮ್ಯಾಮೊಗ್ರಾಂ ಈ ಎರಡು ಕಾಯಿಲೆಗಳನ್ನು ಖಚಿತವಾಗಿ ಬೇರ್ಪಡಿಸಲಾರವು. ಒಂದು ಸುತ್ತು ಆಂಟಿಬಯಾಟಿಕ್ ಮುಗಿದರೂ ಕೆಂಪು ಇಳಿಯದಿದ್ದರೆ ದಪ್ಪ ಸೂಜಿಯ ಬಯಾಪ್ಸಿ ಆಗಲೇಬೇಕು. ಸಣ್ಣ ಸೂಜಿಯಿಂದ ಕೋಶಗಳನ್ನಷ್ಟೇ ತೆಗೆಯುವ ಪರೀಕ್ಷೆ ಇಲ್ಲಿ ಸಾಲದು.

ಪ್ರಶ್ನೆ: ನನ್ನ ಹೆಂಡತಿಯ ಬಯಾಪ್ಸಿಯಲ್ಲಿ ಗ್ರ್ಯಾನ್ಯುಲೋಮ ಇದೆ ಎಂದು ಬರೆದಿದ್ದಾರೆ. ಕ್ಷಯದ ಬ್ಯಾಕ್ಟೀರಿಯ ಯಾವ ಪರೀಕ್ಷೆಯಲ್ಲೂ ಸಿಕ್ಕಿಲ್ಲ. ಆದರೂ ವೈದ್ಯರು ಆರು ತಿಂಗಳು ಟಿ.ಬಿ. ಮಾತ್ರೆ ಕೊಡೋಣ, ಗುಣವಾದರೆ ಟಿ.ಬಿ. ಎಂದೇ ಅರ್ಥ ಎನ್ನುತ್ತಿದ್ದಾರೆ. ಇದು ಸರಿಯಾದ ಕ್ರಮವೇ?

ಉತ್ತರ: ಅವರ ಆತಂಕ ಅರ್ಥವಾಗುವಂಥದು, ಅವರ ತರ್ಕ ಮಾತ್ರ ಒಪ್ಪುವಂಥದಲ್ಲ.

ಕ್ಷಯ ಹೆಚ್ಚಾಗಿರುವ ಪ್ರದೇಶಗಳಲ್ಲಿ ಗ್ರ್ಯಾನ್ಯುಲೋಮ ಎಂಬ ಪದ ಕಂಡೊಡನೆ ವೈದ್ಯರ ಮನಸ್ಸು ಟಿ.ಬಿ.ಯತ್ತ ಹೋಗುವುದು ಸಹಜ. ಸ್ತನದ ಕ್ಷಯ ನಿಜಕ್ಕೂ ಇದೆ, ಅದರಲ್ಲಿ ಬ್ಯಾಕ್ಟೀರಿಯಗಳ ಸಂಖ್ಯೆ ಬಹಳ ಕಡಿಮೆ ಇರುವುದರಿಂದ ಪರೀಕ್ಷೆಗಳಲ್ಲಿ ತಪ್ಪಿಹೋಗುವುದೂ ಉಂಟು. ಆದ್ದರಿಂದ ಒಂದು ಪರೀಕ್ಷೆಯಲ್ಲಿ ಸಿಗದಿದ್ದರೆ ಟಿ.ಬಿ. ಇಲ್ಲವೇ ಇಲ್ಲ ಎಂದು ಕೈತೊಳೆದುಕೊಳ್ಳುವಂತಿಲ್ಲ. ಝೀಲ್-ನೀಲ್ಸನ್ ಬಣ್ಣದ ಪರೀಕ್ಷೆ, ಬ್ಯಾಕ್ಟೀರಿಯದ ವಂಶವಾಹಿಯನ್ನು ಹುಡುಕುವ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆ, ಬ್ಯಾಕ್ಟೀರಿಯವನ್ನು ಬೆಳೆಸಿ ನೋಡುವ, ಆರರಿಂದ ಎಂಟು ವಾರ ಕಾಯಬೇಕಾದ ಕಲ್ಚರ್, ಎದೆಯ ಎಕ್ಸ್‌ರೇ, ಕಂಕುಳ ಗಂಟುಗಳ ತಪಾಸಣೆ, ಇವೆಲ್ಲವನ್ನೂ ಒಟ್ಟಿಗೆ ಓದಬೇಕು. ಅಂಗಾಂಶ ಗಿಣ್ಣುಗಟ್ಟಿದಂತೆ ಸತ್ತಿದೆಯೇ, ಗ್ರ್ಯಾನ್ಯುಲೋಮಗಳು ಹಾಲಿನ ಗ್ರಂಥಿಗೊಂಚಲನ್ನೇ ಕೇಂದ್ರವಾಗಿಟ್ಟುಕೊಂಡಿವೆಯೇ ಎಂದು ರೋಗಶಾಸ್ತ್ರಜ್ಞರನ್ನು ನೇರವಾಗಿ ಕೇಳುವುದು ಒಳ್ಳೆಯದು. ಮೊದಲನೆಯದು ಕ್ಷಯದ ಕಡೆಗೆ, ಎರಡನೆಯದು ಗ್ರ್ಯಾನ್ಯುಲೋಮಟಸ್ ಮ್ಯಾಸ್ಟೈಟಿಸ್ ಕಡೆಗೆ ಬೊಟ್ಟುಮಾಡುತ್ತದೆ.

ಗುಣವಾದರೆ ಟಿ.ಬಿ. ಎಂದರ್ಥ ಎಂಬ ಮಾತಿನಲ್ಲಿ ಎರಡು ದೋಷಗಳಿವೆ. ಹೇಗೂ ಕೆಲವು ತಿಂಗಳಲ್ಲಿ ತಣಿಯಬಹುದಾದ ಕಾಯಿಲೆಯೊಂದರ ಮೇಲೆ ಆರು ತಿಂಗಳ ಚಿಕಿತ್ಸೆಯನ್ನು ಹೊದಿಸಿದರೆ, ಕೊನೆಗೆ ಕೀರ್ತಿ ಮಾತ್ರೆಗೆ ಹೋಗುವುದು ಖಂಡಿತ. ಎರಡನೆಯದು ಇನ್ನೂ ಸೂಕ್ಷ್ಮವಾದದ್ದು: ಟಿ.ಬಿ. ಮಾತ್ರೆಗಳಲ್ಲಿರುವ ರಿಫಾಂಪಿಸಿನ್, ಈ ಉರಿಯೂತದೊಡನೆ ನಂಟುಳ್ಳ ಬೇರೊಂದು ಬ್ಯಾಕ್ಟೀರಿಯವನ್ನೂ ಕೊಲ್ಲಬಲ್ಲದು. ಈಜಿಪ್ಟಿನ ತಂಡವೊಂದು ಕ್ಷಯವಿಲ್ಲದ ಗ್ರ್ಯಾನ್ಯುಲೋಮಟಸ್ ಮ್ಯಾಸ್ಟೈಟಿಸ್ ರೋಗಿಗಳಿಗೆ ರಿಫಾಂಪಿಸಿನ್ ಒಂದನ್ನೇ ಕೊಟ್ಟು ಒಳ್ಳೆಯ ಫಲಿತಾಂಶ ವರದಿ ಮಾಡಿದೆ. ಅಲ್ಲಿಯೂ ಹೋಲಿಕೆಯ ಗುಂಪು ಇರಲಿಲ್ಲ. ಒಟ್ಟಿನಲ್ಲಿ, ಮಾತ್ರೆಯಿಂದ ಗುಣವಾದದ್ದು ಟಿ.ಬಿ.ಗೆ ಸಾಕ್ಷಿಯಾಗುವುದಿಲ್ಲ. ಯಕೃತ್ತಿಗೂ ಕಣ್ಣಿಗೂ ತೊಂದರೆ ಮಾಡಬಲ್ಲ ಔಷಧಿಗಳನ್ನು ಆರು ತಿಂಗಳು ನುಂಗುವುದು, ಜೊತೆಗೆ ಕ್ಷಯ ಎಂಬ ಹಣೆಪಟ್ಟಿ ಹೊತ್ತುಕೊಂಡು ಮನೆಯಲ್ಲಿ ಬಾಳುವುದು, ಎರಡೂ ಸಣ್ಣ ಸಂಗತಿಗಳಲ್ಲ.

ಕ್ಷಯಕ್ಕೆ ಬೇರೆ ಗುರುತುಗಳಿದ್ದು ವೈದ್ಯರು ಮಾತ್ರೆ ಆರಂಭಿಸುವುದೇ ಆದಲ್ಲಿ ಒಂದು ಎಚ್ಚರಿಕೆ: ರಿಫಾಂಪಿಸಿನ್ ಗರ್ಭನಿರೋಧಕ ಮಾತ್ರೆಗಳ ಬಲವನ್ನೂ ಸ್ಟೀರಾಯ್ಡಿನ ಬಲವನ್ನೂ ಕುಗ್ಗಿಸುತ್ತದೆ. ನಿಮ್ಮ ಪತ್ನಿ ಇವುಗಳಲ್ಲಿ ಯಾವುದನ್ನಾದರೂ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ತಿಳಿಸಿ.

ಪ್ರಶ್ನೆ: ಇದಕ್ಕೆ ಒಂದು ಬ್ಯಾಕ್ಟೀರಿಯವೇ ಕಾರಣ ಎಂದು ಓದಿದೆ. ಹಾಗಿದ್ದರೆ ಸರಿಯಾದ ಆಂಟಿಬಯಾಟಿಕ್ ಕೊಟ್ಟರೆ ಮುಗಿಯಿತಲ್ಲ, ಸ್ಟೀರಾಯ್ಡ್ ಏಕೆ?

ಉತ್ತರ: ನೀವು ಓದಿರುವುದು ಕೊರಿನೆಬ್ಯಾಕ್ಟೀರಿಯಂ ಕ್ರಾಪೆನ್‌ಸ್ಟೆಟ್ಟಿಯ ಬಗ್ಗೆ ಇರಬೇಕು. ನ್ಯೂಜಿಲೆಂಡಿನ ಸಂಶೋಧಕರು 2002 ಮತ್ತು 2003ರಲ್ಲಿ ಪ್ರಕಟಿಸಿದ ಎರಡು ಅಧ್ಯಯನಗಳು ಈ ಕುಲದ ಬ್ಯಾಕ್ಟೀರಿಯಗಳಿಗೂ ಗ್ರ್ಯಾನ್ಯುಲೋಮಟಸ್ ಮ್ಯಾಸ್ಟೈಟಿಸ್‌ಗೂ ಇರುವ ನಂಟನ್ನು ಎತ್ತಿತೋರಿಸಿದವು. ಕೊಬ್ಬನ್ನು ಇಷ್ಟಪಡುವ ಬ್ಯಾಕ್ಟೀರಿಯ ಇದು. ಗ್ರ್ಯಾನ್ಯುಲೋಮದ ನಡುವೆ ಇರುವ ಕೊಬ್ಬಿನ ಸಣ್ಣ ಗುಳ್ಳೆಗಳಲ್ಲಿ ಅಡಗಿರುತ್ತದೆ, ಸಾಧಾರಣ ಕಲ್ಚರಿನಲ್ಲಿ ಬಲು ನಿಧಾನವಾಗಿ ಬೆಳೆಯುತ್ತದೆ. ಬೆಳೆದರೂ ಇದರ ಬಂಧುಗಳು ಚರ್ಮದ ಮೇಲೆ ಸದಾ ಇರುವಂಥವಾದ್ದರಿಂದ, ಪ್ರಯೋಗಾಲಯದವರು ಚರ್ಮದಿಂದ ಬಂದ ಕಲಬೆರಕೆ ಎಂದು ತಳ್ಳಿಹಾಕುವುದು ವಾಡಿಕೆ. ಬಯಾಪ್ಸಿಯ ಚೂರನ್ನು ಕಳುಹಿಸುವಾಗ ಈ ಬ್ಯಾಕ್ಟೀರಿಯಕ್ಕಾಗಿ ಹೆಚ್ಚು ದಿನ ಕಾಯಿರಿ ಎಂದು ವೈದ್ಯರು ಚೀಟಿಯಲ್ಲಿ ಬರೆದರೆ ಸಿಗುವ ಸಾಧ್ಯತೆ ಹೆಚ್ಚುತ್ತದೆ.

ಸಿಕ್ಕಿದರೆ ಔಷಧಿಯ ಆಯ್ಕೆ ಬದಲಾಗುತ್ತದೆ. ಪೆನಿಸಿಲಿನ್ ಬಳಗದ ಔಷಧಿಗಳು ಕೊಬ್ಬಿನೊಳಗೆ ಸರಿಯಾಗಿ ಇಳಿಯುವುದಿಲ್ಲ. ಡಾಕ್ಸಿಸೈಕ್ಲಿನ್, ಕ್ಲಾರಿಥ್ರೊಮೈಸಿನ್, ರಿಫಾಂಪಿಸಿನ್ ಇಳಿಯುತ್ತವೆ. ಬಾವಿಗೆಂದು ಮೊದಲು ಕೊಡುವ ಮಾತ್ರೆಗಳು ಅನೇಕರಲ್ಲಿ ಕೆಲಸ ಮಾಡದಿರುವುದಕ್ಕೆ ಇದೂ ಒಂದು ಕಾರಣವಿರಬಹುದು. ಆದರೆ ಎಲ್ಲ ರೋಗಿಗಳಲ್ಲೂ ಈ ಬ್ಯಾಕ್ಟೀರಿಯ ಸಿಗುವುದಿಲ್ಲ, ಸಿಕ್ಕವರಲ್ಲಿ ಅದೇ ಮೂಲವೋ ಅಥವಾ ಉರಿಯೂತದಿಂದ ಹಾಳಾದ ಜಾಗದಲ್ಲಿ ಬಂದು ನೆಲೆಸಿದ್ದೋ ಎಂಬುದು ಇತ್ಯರ್ಥವಾಗಿಲ್ಲ. ಬ್ಯಾಕ್ಟೀರಿಯ ಸತ್ತ ಮೇಲೂ ಕೆರಳಿದ ರಕ್ಷಣಾ ವ್ಯವಸ್ಥೆ ತಣ್ಣಗಾಗದೆ ಇರಬಹುದು. ಸ್ಟೀರಾಯ್ಡ್ ಕೊಡುವುದು ಅದನ್ನು ತಣಿಸಲು.

ಪ್ರಶ್ನೆ: ನಾನು ಚಿಕಿತ್ಸೆ ಪಡೆಯುತ್ತಿರುವ ಆಸ್ಪತ್ರೆಯಲ್ಲಿ ಒಂದು ಕ್ಲಿನಿಕಲ್ ಟ್ರಯಲ್‌ಗೆ ಸೇರುತ್ತೀರಾ ಎಂದು ಕೇಳಿದ್ದಾರೆ. ಅರ್ಧ ಜನರಿಗೆ ಸ್ಟೀರಾಯ್ಡ್ ಮಾತ್ರೆ, ಅರ್ಧ ಜನರಿಗೆ ಗಂಟಿನೊಳಗೇ ಸ್ಟೀರಾಯ್ಡ್ ಇಂಜೆಕ್ಷನ್. ಯಾರಿಗೆ ಯಾವುದು ಎಂಬುದನ್ನು ಕಂಪ್ಯೂಟರ್ ಚೀಟಿ ಎತ್ತಿದಂತೆ ನಿರ್ಧರಿಸುತ್ತದಂತೆ. ನನ್ನ ದೇಹದ ವಿಷಯವನ್ನು ಲಾಟರಿಗೆ ಬಿಡುವುದೇ? ನಮ್ಮನ್ನು ಪ್ರಯೋಗದ ಇಲಿಗಳನ್ನಾಗಿ ಮಾಡುತ್ತಿದ್ದಾರೆ ಎಂದು ನಮ್ಮತ್ತೆ ಹೇಳುತ್ತಾರೆ.

ಉತ್ತರ: ನಿಮ್ಮತ್ತೆಯವರ ಭಯಕ್ಕೆ ಇತಿಹಾಸದಲ್ಲಿ ಕಾರಣಗಳಿವೆ, ಅದನ್ನು ಅಲ್ಲಗಳೆಯುವುದಿಲ್ಲ. ಹಾಗಿದ್ದರೂ ಈ ಲಾಟರಿಯನ್ನು ನಾನು ಸಮರ್ಥಿಸುತ್ತೇನೆ.

ಮೊದಲ ಪತ್ರದ ಉತ್ತರದಲ್ಲಿ, ಸೌಮ್ಯ ಕಾಯಿಲೆಯವರು ಒಂದು ಚಿಕಿತ್ಸೆಗೂ ತೀವ್ರ ಕಾಯಿಲೆಯವರು ಇನ್ನೊಂದಕ್ಕೂ ಹೋಗುವುದರಿಂದ ಹೋಲಿಕೆ ಕೆಡುತ್ತದೆ ಎಂದಿದ್ದೆ. ಯಾರು ಯಾವ ಗುಂಪಿಗೆ ಎಂಬುದನ್ನು ವೈದ್ಯರ ಒಲವಿಗೂ ರೋಗಿಯ ಆಸೆಗೂ ಬಿಡದೆ ಯಾದೃಚ್ಛಿಕವಾಗಿ ಹಂಚಿದರೆ, ದೊಡ್ಡ ಗಂಟಿನವರು, ಚಿಕ್ಕ ಗಂಟಿನವರು, ತಾನಾಗಿಯೇ ಗುಣವಾಗಲಿದ್ದವರು, ಎಲ್ಲರೂ ಎರಡು ಗುಂಪುಗಳಿಗೂ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತಾರೆ. ಆಮೇಲೆ ಕಾಣುವ ವ್ಯತ್ಯಾಸವನ್ನು ಚಿಕಿತ್ಸೆಗೆ ಆರೋಪಿಸುವ ಹಕ್ಕು ನಮಗೆ ಬರುತ್ತದೆ. ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ 1948ರಲ್ಲಿ ಪ್ರಕಟಿಸಿದ ಸ್ಟ್ರೆಪ್ಟೊಮೈಸಿನ್ ಪ್ರಯೋಗ ಇದಕ್ಕೆ ಹಳೆಯ ನಿದರ್ಶನ. ಶ್ವಾಸಕೋಶದ ಕ್ಷಯವಿದ್ದ 107 ರೋಗಿಗಳಲ್ಲಿ 55 ಮಂದಿಗೆ ಹಾಸಿಗೆ ವಿಶ್ರಾಂತಿಯೊಡನೆ ಔಷಧಿ, 52 ಮಂದಿಗೆ ವಿಶ್ರಾಂತಿ ಮಾತ್ರ. ಆರು ತಿಂಗಳಲ್ಲಿ ಮೊದಲ ಗುಂಪಿನಲ್ಲಿ 4 ಮಂದಿ, ಎರಡನೆಯದರಲ್ಲಿ 14 ಮಂದಿ ತೀರಿಕೊಂಡರು. ನೂರು ಚಿಲ್ಲರೆ ಮಂದಿಯನ್ನು ಸರಿಯಾಗಿ ಹಂಚಿದ್ದರಿಂದ ಸಿಕ್ಕ ಉತ್ತರ, ಸಾವಿರ ಕಡತಗಳನ್ನು ಹಿಂದಿರುಗಿ ನೋಡಿದರೂ ಅಷ್ಟು ಸ್ಪಷ್ಟವಾಗಿ ಸಿಗುತ್ತಿರಲಿಲ್ಲ.

ಚೀಟಿ ಎತ್ತುವುದು ನ್ಯಾಯವಾಗಬೇಕಾದರೆ ಒಂದು ಷರತ್ತಿದೆ: ಎರಡರಲ್ಲಿ ಯಾವುದು ಮೇಲು ಎಂಬುದು ವೈದ್ಯಲೋಕಕ್ಕೆ ನಿಜವಾಗಿಯೂ ತಿಳಿದಿರಬಾರದು. ನಿಮ್ಮ ಪ್ರಯೋಗ ಈ ಷರತ್ತನ್ನು ಪೂರೈಸುತ್ತದೆ. 1980ರಲ್ಲಿ ಡಿಹರ್ಟೋಗ್ ಮತ್ತು ಸಂಗಡಿಗರು ಈ ಕಾಯಿಲೆಗೆ ಸ್ಟೀರಾಯ್ಡ್ ಮಾತ್ರೆಯನ್ನು ಸೂಚಿಸಿದಂದಿನಿಂದ ಅದು ಬಳಕೆಯಲ್ಲಿದೆ. ಫಲ ಕೊಡುತ್ತದೆ, ಆದರೆ ತೂಕ ಏರಿಸುತ್ತದೆ, ಮುಖ ಊದಿಸುತ್ತದೆ, ಸಕ್ಕರೆ ಮತ್ತು ರಕ್ತದೊತ್ತಡ ಹೆಚ್ಚಿಸುತ್ತದೆ, ಮೂಳೆ ಸವೆಸುತ್ತದೆ, ಮನಸ್ಸನ್ನು ಕದಡುತ್ತದೆ. ಕಡಿಮೆ ಮಾಡುತ್ತ ಬಂದಾಗ ಕಾಯಿಲೆ ಮತ್ತೆ ತಲೆಯೆತ್ತುವುದೂ ಉಂಟು. ಗಂಟಿನೊಳಗೆ ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಚುಚ್ಚುವ ಕ್ರಮದಲ್ಲಿ ಔಷಧಿ ಬೇಕಾದಲ್ಲೇ ನಿಲ್ಲುವುದರಿಂದ ಇವು ಕಡಿಮೆ. ಬದಲಿಗೆ ಚುಚ್ಚುವ ನೋವಿದೆ, ಆ ಜಾಗದ ಚರ್ಮ ತೆಳುವಾಗಬಹುದು, ಬಣ್ಣಗೆಡಬಹುದು. ಮುಲಾಮಿನ ರೂಪದಲ್ಲಿ ಹಚ್ಚುವ ಸ್ಟೀರಾಯ್ಡ್ ಸಹ ಮಾತ್ರೆಗೆ ಹತ್ತಿರದ ಫಲ ಕೊಟ್ಟಿತೆಂದು ಟರ್ಕಿಯ ಕೆಲವು ತಂಡಗಳು ಬರೆದಿವೆ. ಈ ಕಾಯಿಲೆಯ ಮೇಲೆ ಅತಿ ಹೆಚ್ಚು ಬರೆದಿರುವವರಲ್ಲಿ ಅವರೂ ಇದ್ದಾರೆ. ಮಾತ್ರೆಯೇ, ಸೂಜಿಯೇ ಎಂಬುದು ಹಾಗಾಗಿ ತೆರೆದ ಪ್ರಶ್ನೆ. ಲಾಟರಿಯ ಹೊರಗಿದ್ದರೂ ನಿಮಗೆ ಈ ಎರಡರಲ್ಲೊಂದು ಸಿಗುತ್ತಿತ್ತು. ಯಾವುದು ಎಂಬುದನ್ನು ಆಗ ತೀರ್ಮಾನಿಸುತ್ತಿದ್ದದ್ದು ನೀವು ಹೊಕ್ಕ ವೈದ್ಯರ ಬಾಗಿಲು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಅದನ್ನು ಮನೆಗೆ ಕೊಂಡೊಯ್ದು ಓದಲು ಸಮಯ ಕೇಳಿ, ನಿಮಗೆ ಅರ್ಥವಾಗುವ ಭಾಷೆಯಲ್ಲಿ ಕೇಳಿ. ಪ್ರಯೋಗಕ್ಕೆ ನೀತಿ ಸಮಿತಿಯ ಅನುಮತಿ ಇದೆಯೇ, ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮೊದಲೇ ಅದನ್ನು ಸಾರ್ವಜನಿಕ ನೋಂದಣಿಯಲ್ಲಿ ದಾಖಲಿಸಿದ್ದಾರೆಯೇ ಎಂದು ವಿಚಾರಿಸಿ. ಮುಖ್ಯ ವೈದ್ಯಕೀಯ ಪತ್ರಿಕೆಗಳ ಸಂಪಾದಕರು 2005ರಿಂದ ಮುಂಚಿತ ನೋಂದಣಿಯಿಲ್ಲದ ಪ್ರಯೋಗಗಳನ್ನು ಪ್ರಕಟಿಸುವುದಿಲ್ಲ ಎಂದು ನಿಯಮ ಮಾಡಿಕೊಂಡಿದ್ದಾರೆ. ಫಲಿತಾಂಶ ಇಷ್ಟವಾಗದಿದ್ದರೆ ಪ್ರಯೋಗವನ್ನೇ ಮುಚ್ಚಿಡುವ ಚಾಳಿಗೆ ಅದೊಂದು ಕಡಿವಾಣ. ನಿಮ್ಮ ಗುಂಪಿನ ಚಿಕಿತ್ಸೆ ಕೆಲಸ ಮಾಡದಿದ್ದರೆ ಎಷ್ಟು ವಾರಗಳ ನಂತರ ಬದಲಾಯಿಸುತ್ತಾರೆ ಎಂಬುದು ಪತ್ರದಲ್ಲಿ ಬರೆದಿರಬೇಕು. ಅದಿಲ್ಲದಿದ್ದರೆ ನಾನಾದರೆ ಸಹಿ ಹಾಕುವುದಿಲ್ಲ. ಯಾವ ಹಂತದಲ್ಲಿ ಬೇಕಾದರೂ, ಕಾರಣ ಹೇಳದೆ ಹೊರಬರುವ ಹಕ್ಕು ನಿಮಗಿದೆ, ಹೊರಬಂದರೆ ಚಿಕಿತ್ಸೆಯಲ್ಲಿ ಕೊರತೆ ಮಾಡುವಂತಿಲ್ಲ. ಜಾಗತಿಕ ವೈದ್ಯಕೀಯ ಸಂಘ 1964ರಲ್ಲಿ ಅಂಗೀಕರಿಸಿ ಆ ಮೇಲೆ ಹಲವು ಬಾರಿ ತಿದ್ದಿದ, ಮನುಷ್ಯರ ಮೇಲಿನ ವೈದ್ಯಕೀಯ ಪ್ರಯೋಗಗಳ ನೀತಿಯನ್ನು ಹೇಳುವ ಹೆಲ್ಸಿಂಕಿ ಘೋಷಣೆಯ ತಿರುಳಿನಲ್ಲಿ ಇದೂ ಒಂದು. ಈ ಮಾತನ್ನು ಅತ್ತೆಯವರಿಗೂ ಓದಿ ಹೇಳಿ. ಇಲಿಗೆ ಎದ್ದು ಹೋಗುವ ಹಕ್ಕಿರುವುದಿಲ್ಲ.

ಪ್ರಶ್ನೆ: ಸ್ಟೀರಾಯ್ಡ್ ಕಡಿಮೆ ಮಾಡಿದಾಗಲೆಲ್ಲ ನನ್ನ ಗಂಟು ಮರಳುತ್ತಿದೆ. ಈಗ ಮೆಥೋಟ್ರೆಕ್ಸೇಟ್ ಕೊಡುತ್ತೇವೆ ಎಂದಿದ್ದಾರೆ. ಅದು ಕ್ಯಾನ್ಸರ್ ಔಷಧಿಯಂತೆ. ನನಗೆ ಇನ್ನೊಂದು ಮಗು ಬೇಕೆಂಬ ಆಸೆಯಿದೆ.

ಉತ್ತರ: ಕ್ಯಾನ್ಸರಿಗೆ ಕೊಡುವ ಪ್ರಮಾಣವೇ ಬೇರೆ, ಇಲ್ಲಿ ಕೊಡುವುದು ಕೀಲುವಾತದ ರೋಗಿಗಳು ವರ್ಷಗಟ್ಟಲೆ ತೆಗೆದುಕೊಳ್ಳುವ ಸಣ್ಣ ಪ್ರಮಾಣ. ಸ್ಟೀರಾಯ್ಡನ್ನು ಬಿಡಲಾಗದವರಿಗೆ ಅದು ನೆರವಾಗುತ್ತದೆ ಎಂಬುದು ಹಲವು ಸಣ್ಣ ವರದಿಗಳ ಸಾರ. ಸ್ಟೀರಾಯ್ಡಿನ ಕೊರಗಿನಿಂದ ಬಿಡುಗಡೆಯಾಗಲು ನನ್ನ ದೃಷ್ಟಿಯಲ್ಲೂ ಅದು ಪ್ರಯತ್ನಿಸತಕ್ಕ ದಾರಿ. ಫಲ ಕಾಣಲು ಕೆಲವು ವಾರಗಳು ಬೇಕು, ಅಲ್ಲಿಯವರೆಗೆ ತಾಳ್ಮೆ ಬೇಕು.

ಮೂರು ವಿಷಯಗಳಲ್ಲಿ ಕಟ್ಟುನಿಟ್ಟಾಗಿರಿ. ಈ ಮಾತ್ರೆ ವಾರಕ್ಕೊಮ್ಮೆ ಮಾತ್ರ. ದಿನವೂ ನುಂಗಿ ಜೀವ ಕಳೆದುಕೊಂಡವರಿದ್ದಾರೆ, ಆದ್ದರಿಂದ ವಾರದ ಯಾವ ದಿನ ಎಂಬುದನ್ನು ಗೊತ್ತುಮಾಡಿ ಚೀಟಿಯ ಮೇಲೆ ಬರೆಸಿಕೊಳ್ಳಿ. ವೈದ್ಯರು ಹೇಳಿದಂತೆ ಫೋಲಿಕ್ ಆಸಿಡ್ ತೆಗೆದುಕೊಂಡು, ರಕ್ತಕಣ ಮತ್ತು ಯಕೃತ್ತಿನ ಪರೀಕ್ಷೆಗಳನ್ನು ತಪ್ಪಿಸಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಮೆಥೋಟ್ರೆಕ್ಸೇಟ್ ಗರ್ಭಪಾತಕ್ಕೂ ಭ್ರೂಣದ ವಿಕಲತೆಗೂ ಕಾರಣವಾಗುತ್ತದೆ, ಹಾಲೂಡಿಸುವಾಗಲೂ ಸಲ್ಲದು. ಅದನ್ನು ತೆಗೆದುಕೊಳ್ಳುವಷ್ಟು ಕಾಲ ಭದ್ರವಾದ ಗರ್ಭನಿರೋಧ ಬೇಕು. ನಿಲ್ಲಿಸಿದ ಮೇಲೆ ಎಷ್ಟು ತಿಂಗಳು ಕಾಯಬೇಕೆಂಬುದನ್ನು ವೈದ್ಯರೊಡನೆ ಮೊದಲೇ ಮಾತಾಡಿ ನಿಶ್ಚಯಿಸಿಕೊಳ್ಳಿ. ಮಗುವಿನ ಆಸೆ ಈ ವರ್ಷದ್ದೇ ಆಗಿದ್ದರೆ ಈ ಔಷಧಿ ನಿಮಗಲ್ಲ, ಗಂಟಿನೊಳಗಿನ ಇಂಜೆಕ್ಷನ್ನಿನ ಬಗ್ಗೆ ವಿಚಾರಿಸಿ.

ಪ್ರಶ್ನೆ: ನಾನು ಸರ್ಜರಿಯ ಸ್ನಾತಕೋತ್ತರ ವಿದ್ಯಾರ್ಥಿ. ನಮ್ಮ ವಿಭಾಗದಲ್ಲಿ ಐದು ವರ್ಷಗಳಲ್ಲಿ ಬಂದ ಇಂಥ ರೋಗಿಗಳ ಕಡತಗಳನ್ನು ಆಧರಿಸಿ ಪ್ರಬಂಧ ಬರೆಯಬೇಕೆಂದಿದ್ದೇನೆ. ಸಲಹೆ ಕೊಡಿ.

ಉತ್ತರ: ಬರೆಯಬೇಡಿ ಎನ್ನುವಷ್ಟು ನಿಷ್ಠುರನಾಗಲಾರೆ, ಆದರೆ ಅಂಥ ಪ್ರಬಂಧಗಳು ಸಾಕಷ್ಟಿವೆ. ನಿಮ್ಮ ಕಡತಗಳಿಂದ ಉಪಯೋಗ ತೆಗೆಯಬೇಕಿದ್ದರೆ, ಯಾವ ಔಷಧಿ ಗೆದ್ದಿತು ಎಂದು ಕೇಳುವುದನ್ನು ಬಿಟ್ಟು, ಚಿಕಿತ್ಸೆ ಪಡೆಯದವರಲ್ಲಿ ಅಥವಾ ನೋವಿನ ಮಾತ್ರೆ ಮಾತ್ರ ಪಡೆದವರಲ್ಲಿ ಕಾಯಿಲೆ ಯಾವ ಗತಿಯಲ್ಲಿ ಸಾಗಿತು ಎಂದು ಕೇಳಿ. ಮುಂದಿನ ಪ್ರಯೋಗಗಳನ್ನು ಯೋಜಿಸುವವರಿಗೆ ಬೇಕಾಗಿರುವುದು ಆ ವಿವರ.

ಲೆಕ್ಕವನ್ನೊಮ್ಮೆ ನೋಡಿ. ಒಂದು ಚಿಕಿತ್ಸೆಯಲ್ಲಿ ನೂರಕ್ಕೆ 60 ಮಂದಿ, ಇನ್ನೊಂದರಲ್ಲಿ 80 ಮಂದಿ ಗುಣವಾಗುತ್ತಾರೆ ಎಂದುಕೊಂಡರೆ, ಆ ವ್ಯತ್ಯಾಸವನ್ನು ರೂಢಿಯ ಸಂಖ್ಯಾಶಾಸ್ತ್ರದ ಮಾನದಂಡಗಳಲ್ಲಿ ಹಿಡಿಯಲು ಪ್ರತಿ ಗುಂಪಿನಲ್ಲೂ ಸುಮಾರು 80 ಮಂದಿ ಬೇಕು. ಮರುಕಳಿಕೆ ನೂರಕ್ಕೆ 20ರಿಂದ 10ಕ್ಕೆ ಇಳಿಯಿತೆಂದು ತೋರಿಸಲು ಪ್ರತಿ ಗುಂಪಿಗೆ ಸುಮಾರು 200 ಬೇಕು. ಒಂದು ಆಸ್ಪತ್ರೆಗೆ ಇದು ಆಗದ ಕೆಲಸ. ಹತ್ತು ಆಸ್ಪತ್ರೆಗಳು ಒಂದೇ ನಮೂನೆಯಲ್ಲಿ ದಾಖಲೆ ಇಡಲು ಒಪ್ಪಿದರೆ ಕೆಲವೇ ವರ್ಷಗಳಲ್ಲಿ ಆಗುವ ಕೆಲಸ. ನೀವು ಇನ್ನೂ ಚಿಕ್ಕವರು. ನೆರೆಯ ವಿಭಾಗಗಳ ಸಹಪಾಠಿಗಳಿಗೆ ಬರೆದು ಆ ನಮೂನೆಯನ್ನು ಸಿದ್ಧಪಡಿಸುವುದೇ ಒಂದು ಒಳ್ಳೆಯ ಪ್ರಬಂಧವಾಗಬಲ್ಲದು.

ಅದರಲ್ಲಿ ಕಾಲದ ಎಣಿಕೆ ಎಲ್ಲಿಂದ ಎಂಬುದನ್ನು ಮೊದಲೇ ಗೊತ್ತುಮಾಡಿ: ಲಕ್ಷಣ ಕಂಡ ದಿನದಿಂದಲೋ, ಬಯಾಪ್ಸಿಯಿಂದಲೋ, ಔಷಧಿ ಆರಂಭಿಸಿದಂದಿನಿಂದಲೋ? ಈ ಮೂರನ್ನು ಬೆರೆಸಿರುವುದರಿಂದಲೇ ಹಳೆಯ ವರದಿಗಳಲ್ಲಿ ಒಂದರ ಆರು ತಿಂಗಳು ಇನ್ನೊಂದರ ಆರು ತಿಂಗಳಿಗೆ ಸಮವಾಗುವುದಿಲ್ಲ. ಪೂರ್ಣ ಗುಣ ಎಂದರೆ ಕೈಗೆ ಗಂಟು ಸಿಗದಿರುವುದೋ ಸ್ಕ್ಯಾನಿನಲ್ಲಿ ಕಾಣದಿರುವುದೋ, ಮರುಕಳಿಕೆ ಎಂದರೆ ಅದೇ ಜಾಗದಲ್ಲೋ ಸ್ತನದ ಯಾವ ಭಾಗದಲ್ಲಾದರೂ ಸರಿಯೋ ಎಂದು ಬರೆದಿಡಿ. ಮಾತ್ರೆಯನ್ನೂ ಇಂಜೆಕ್ಷನ್ನನ್ನೂ ರೋಗಿಯಿಂದ ಮರೆಮಾಡುವುದು ಕಷ್ಟವಾದರೂ, ಸ್ಕ್ಯಾನ್ ಮಾಡಿ ಗಡ್ಡೆಯ ಅಳತೆ ಬರೆಯುವವರಿಂದ ಚಿಕಿತ್ಸೆಯ ವಿವರವನ್ನು ಮರೆಮಾಡಬಹುದು. ಕನಿಷ್ಠ ಎರಡು ವರ್ಷ ರೋಗಿಗಳನ್ನು ಸಂಪರ್ಕದಲ್ಲಿಟ್ಟುಕೊಳ್ಳಿ. ನೋವು, ನಿದ್ದೆ, ಕೆಲಸಕ್ಕೆ ರಜೆ ಹಾಕಿದ ದಿನಗಳು, ಸ್ತನದ ಆಕಾರದ ಬಗ್ಗೆ ಆಕೆಗೆ ಏನನ್ನಿಸುತ್ತದೆ ಎಂಬುದು, ಇವಕ್ಕೆ ನಮೂನೆಯಲ್ಲಿ ಜಾಗವಿರಲಿ. ಗಡ್ಡೆಯ ಸೆಂಟಿಮೀಟರುಗಳನ್ನು ಅಳೆದಷ್ಟು ಶ್ರದ್ಧೆಯಿಂದ ಇವುಗಳನ್ನು ಅಳೆದ ವರದಿಗಳು ತೀರ ಕಡಿಮೆ. ನಮೂನೆ ಅಂತಿಮವಾಗುವ ಮುನ್ನ ಈ ಕಾಯಿಲೆಯನ್ನು ಅನುಭವಿಸಿದ ಇಬ್ಬರು ಮೂವರು ಮಹಿಳೆಯರಿಗೆ ಅದನ್ನು ತೋರಿಸಿ, ಯಾವ ಪ್ರಶ್ನೆ ಬಿಟ್ಟುಹೋಗಿದೆ ಎಂದು ಕೇಳಿ.